ಹೊಸ ಕ್ರಿಸ್ಟಲ್ ಹಾಕಿದರೂ ಸೆಟ್ ಚಾನೆಲ್‌ಗೆ ಬರುತ್ತಿಲ್ಲವೇ?

ಹಳೆಯ ವೈರ್‌ಲೆಸ್ ಸೆಟ್ ಹಿಡಿದು ಬರುವವರ ದೂರು ಹೆಚ್ಚಾಗಿ ಒಂದೇ. ಕ್ರಿಸ್ಟಲ್ (ಸೆಟ್ಟಿಗೆ ಫ್ರೀಕ್ವೆನ್ಸಿ ಹುಟ್ಟಿಸುವ ಸ್ಫಟಿಕದ ಬಿಡಿಭಾಗ) ಹೊಸದು, ಮೇಲೆ ಬರೆದ ಫ್ರೀಕ್ವೆನ್ಸಿಯೂ ಸರಿ, ಆದರೆ ಆ ಕಡೆಯವರಿಗೆ ಕೇಳಿಸುತ್ತಿಲ್ಲ. ಬಿಚ್ಚಿ ನೋಡಿದರೆ ಕ್ರಿಸ್ಟಲ್‌ನಲ್ಲಿ ದೋಷವೇನೂ ಇರುವುದಿಲ್ಲ. ಈ ಸೆಟ್ಟಿಗೆಂದು ಮಾಡಿಸಿದ್ದಲ್ಲ, ಅಷ್ಟೇ.

ಸಿಂಥಸೈಜರ್ (ಒಂದೇ ಕ್ರಿಸ್ಟಲ್‌ನಿಂದ ಹಲವು ಚಾನೆಲ್ ಹುಟ್ಟಿಸುವ ಸರ್ಕ್ಯೂಟ್) ಬರುವ ಮುಂಚಿನ ಸೆಟ್‌ಗಳಲ್ಲಿ ಸಾಮಾನ್ಯವಾಗಿ ಚಾನೆಲ್‌ಗೆ ಎರಡು ಕ್ರಿಸ್ಟಲ್ ಬೇಕು. ಒಂದು ಟ್ರಾನ್ಸ್‌ಮಿಟ್‌ಗೆ, ಇನ್ನೊಂದು ರಿಸೀವ್‌ಗೆ. ಉದಾಹರಣೆಗೆ 155.1 ಮೆಗಾಹರ್ಟ್ಸ್ ಚಾನೆಲ್ ತಗೊಳ್ಳಿ. ಟ್ರಾನ್ಸ್‌ಮಿಟರ್ ಕ್ರಿಸ್ಟಲ್‌ನ ಫ್ರೀಕ್ವೆನ್ಸಿಯನ್ನು 12 ಪಟ್ಟು ಹೆಚ್ಚಿಸುವಂಥದ್ದಾದರೆ ಕ್ರಿಸ್ಟಲ್ 12.925. ರಿಸೀವರ್ ಲೆಕ್ಕ ಬೇರೆ. ಐಎಫ್ (ಬಂದ ಸಿಗ್ನಲ್ಲನ್ನು ರಿಸೀವರ್ ಒಳಗೆ ಇಳಿಸಿಕೊಳ್ಳುವ ನಡುವಿನ ಫ್ರೀಕ್ವೆನ್ಸಿ) 10.7 ಇದ್ದರೆ ಮೊದಲು ಅದನ್ನು ಕಳೆಯಬೇಕು, ಉಳಿದ 144.4 ಅನ್ನು ಆ ಸೆಟ್ಟಿನ ಗುಣಕದಿಂದ ಭಾಗಿಸಬೇಕು. ಗುಣಕ 9 ಆದರೆ ಸುಮಾರು 16.0444 ಬರುತ್ತದೆ. ಕೆಲವು ಸೆಟ್‌ಗಳಲ್ಲಿ ಐಎಫ್ ಕಳೆಯುವ ಬದಲು ಕೂಡಿಸಬೇಕು. ಆಗ ಅದೇ ಚಾನೆಲ್‌ಗೆ 18.4222. ಸರ್ವಿಸ್ ಮ್ಯಾನುಯಲ್ ನೋಡದೆ ಅಂದಾಜಿನಲ್ಲಿ ಆರ್ಡರ್ ಕೊಟ್ಟರೆ ದುಡ್ಡು ದಂಡ.

ಲೆಕ್ಕ ಸರಿಯಿದ್ದರೂ ಜಾಸ್ತಿ ಜನ ಎಡವುವುದು ಲೋಡ್ ಕೆಪ್ಯಾಸಿಟೆನ್ಸ್‌ನಲ್ಲಿ, ಅಂದರೆ ಸುತ್ತಲಿನ ಸರ್ಕ್ಯೂಟ್ ಕ್ರಿಸ್ಟಲ್‌ಗೆ ಒಡ್ಡುವ ಕೆಪ್ಯಾಸಿಟೆನ್ಸ್‌ನಲ್ಲಿ. ಫ್ರೀಕ್ವೆನ್ಸಿಯನ್ನು ಕ್ರಿಸ್ಟಲ್ ಮಾತ್ರವೇ ತೀರ್ಮಾನಿಸುವುದಿಲ್ಲ, ಸುತ್ತಲಿನ ಸರ್ಕ್ಯೂಟೂ ಅದನ್ನು ಎಳೆಯುತ್ತದೆ. 32 ಪಿಕೊಫ್ಯಾರಡ್‌ಗೆ ಮಾಡಿದ ಕ್ರಿಸ್ಟಲ್ಲನ್ನು 20 ಕೊಡುವ ಸರ್ಕ್ಯೂಟಿಗೆ ಹಾಕಿದರೆ ಅದು ಮೇಲಕ್ಕೆ ಸರಿಯುತ್ತದೆ. ಕ್ರಿಸ್ಟಲ್‌ನಲ್ಲಿ ಬರೀ 1 ಕಿಲೋಹರ್ಟ್ಸ್ ಸರಿದರೂ 12 ಪಟ್ಟಾದ ಮೇಲೆ ಗಾಳಿಯಲ್ಲಿ 12 ಕಿಲೋಹರ್ಟ್ಸ್! ಅಂದರೆ 12.5 ಕಿಲೋಹರ್ಟ್ಸ್ ಅಂತರದ ವ್ಯವಸ್ಥೆಯಲ್ಲಿ ಹೆಚ್ಚುಕಡಿಮೆ ಪಕ್ಕದವರ ಚಾನೆಲ್. ಟ್ರಿಮ್ಮರ್ (ಫ್ರೀಕ್ವೆನ್ಸಿಯನ್ನು ತುಸು ಸರಿಪಡಿಸುವ ತಿರುಪು) ಪೂರ್ತಿ ಒಂದು ಕೊನೆಗೆ ತಿರುಗಿಸಿದರೂ ಫ್ರೀಕ್ವೆನ್ಸಿ ಅಳೆಯುವ ಕೌಂಟರ್‌ನಲ್ಲಿ ಅಂಕಿ ಸರಿಹೋಗದಿದ್ದರೆ ನನ್ನ ಮೊದಲ ಅನುಮಾನ ಇದರ ಮೇಲೆಯೇ. ಹಾಗಾಗಿ ಆರ್ಡರ್ ಕೊಡುವಾಗ ಬರೀ ಫ್ರೀಕ್ವೆನ್ಸಿ ಹೇಳಬೇಡಿ. ಸೆಟ್ಟಿನ ಮಾಡೆಲ್, ಲೋಡ್, ಹೋಲ್ಡರ್ ಯಾವುದು, ಫಂಡಮೆಂಟಲ್ಲೋ (ಮೂಲ ಕಂಪನದಲ್ಲಿ ಓಡುವುದು) ಮೂರನೇ ಓವರ್‌ಟೋನೋ (ಅದರ ಸುಮಾರು ಮೂರು ಪಟ್ಟಿನಲ್ಲಿ ಓಡುವುದು), ಎಲ್ಲ ತಿಳಿಸಿ.

ಕೆಲವು ಸೆಟ್‌ಗಳಲ್ಲಿ ಬಿಡಿ ಕ್ರಿಸ್ಟಲ್ ಇರುವುದಿಲ್ಲ, ಚಾನೆಲ್ ಎಲಿಮೆಂಟ್ ಎಂಬ ಪುಟ್ಟ ಡಬ್ಬಿ ಇರುತ್ತದೆ. ಅದರೊಳಗಿನ ಬಿಡಿಭಾಗಗಳನ್ನು ಅದೇ ಕ್ರಿಸ್ಟಲ್‌ನ ಬಿಸಿ-ತಂಪಿನ ಸ್ವಭಾವಕ್ಕೆ ಹೊಂದಿಸಿರುತ್ತಾರೆ. ಮನೆಯಲ್ಲಿ ಕ್ರಿಸ್ಟಲ್ ಮಾತ್ರ ಬದಲಾಯಿಸಿದರೆ ಆ ಹೊಂದಾಣಿಕೆ ಹೋಯಿತು. ಮೇಜಿನ ಮೇಲೆ ಸರಿಯಾಗಿ ಓಡುತ್ತದೆ, ಬಿಸಿಲಿನಲ್ಲಿ ನಿಂತ ಗಾಡಿಯಲ್ಲಿ ಕೈಕೊಡುತ್ತದೆ. ಡಬ್ಬಿ ಸಮೇತ ಕ್ರಿಸ್ಟಲ್ ಮಾಡುವವರಿಗೇ ಕಳಿಸುವುದು ವಾಸಿ.

ಕ್ರಿಸ್ಟಲ್ ಕೂರಿಸಿದ ಮೇಲೆ ಆಂಟೆನಾ ಕಳಚಿ 50 ಓಮ್ ಡಮ್ಮಿ ಲೋಡ್ (ಪವರನ್ನು ಗಾಳಿಗೆ ಬಿಡದೆ ತಾನೇ ಹೀರಿಕೊಳ್ಳುವ ರೆಸಿಸ್ಟರ್) ಹಾಕಿ. ಆ ಫ್ರೀಕ್ವೆನ್ಸಿ ಬಳಸಲು ಪರವಾನಗಿ ಇದ್ದರೂ ಟ್ಯೂನಿಂಗ್ ಕೆಲಸವನ್ನು ಗಾಳಿಗೆ ಬಿಡಬಾರದು, ಅಲ್ವಾ? ಸೆಟ್ ಸ್ವಲ್ಪ ಹೊತ್ತು ಆನ್ ಆಗಿರಲಿ. ಟ್ರಿಮ್ಮರ್ ತಿರುಗಿಸಲು ಪ್ಲಾಸ್ಟಿಕ್ ಕಡ್ಡಿಯೇ ಬೇಕು. ಕಬ್ಬಿಣದ ಸ್ಕ್ರೂಡ್ರೈವರ್ ತಾಗಿಸಿದರೆ ಕೌಂಟರ್‌ನ ಕೊನೆಯ ಅಂಕಿಗಳು ಕುಣಿಯುತ್ತವೆ, ತೆಗೆದ ಕೂಡಲೇ ಬೇರೆ ಕಡೆ ನಿಲ್ಲುತ್ತವೆ.

ಹೊಸ ಫ್ರೀಕ್ವೆನ್ಸಿ ಹಳೆಯದಕ್ಕಿಂತ ತುಂಬ ದೂರವಿದ್ದರೆ ಮಲ್ಟಿಪ್ಲೈಯರ್ ಹಂತಗಳನ್ನೂ (ಫ್ರೀಕ್ವೆನ್ಸಿಯನ್ನು ಪಟ್ಟುಪಟ್ಟಾಗಿ ಹೆಚ್ಚಿಸುವ ಭಾಗಗಳು) ರಿಸೀವರ್‌ನ ಮುಂಭಾಗವನ್ನೂ ಮತ್ತೆ ಟ್ಯೂನ್ ಮಾಡಬೇಕು. ಇಲ್ಲೊಂದು ಮೋಸವಿದೆ. ಮೂರು ಪಟ್ಟು ಮಾಡಬೇಕಾದ ಹಂತ ತಪ್ಪಿ ಎರಡನೆಯ ಅಥವಾ ನಾಲ್ಕನೆಯ ಹಾರ್ಮೋನಿಕ್‌ಗೆ, ಅಂದರೆ ಎರಡು ಅಥವಾ ನಾಲ್ಕು ಪಟ್ಟಿಗೆ, ಪೀಕ್ ಆಗಬಹುದು. ಪವರ್ ಮೀಟರ್ ಮುಳ್ಳು ಮೇಲೇರಿತೆಂದು ಸುಮ್ನೆ ಖುಷಿಪಡಬೇಡಿ, ಆ ಪವರ್ ಯಾವ ಫ್ರೀಕ್ವೆನ್ಸಿಯದು ಎಂದು ಮೀಟರಿಗೆ ಗೊತ್ತಿಲ್ಲ. ಔಟ್‌ಪುಟ್ಟನ್ನು ಕೌಂಟರ್‌ನಲ್ಲಿ ನೋಡಿಯೇ ಮುಂದುವರಿಯಿರಿ. ಬೇರೆ ಚಾನೆಲ್‌ಗಳೂ ಇದ್ದರೆ ಅವುಗಳ ಪವರ್ ಬಿದ್ದಿದೆಯೇ ಎಂದೂ ನೋಡಿ. ಕಡೆಗೆ ಡೀವಿಯೇಷನ್ (ಮಾತಾಡುವಾಗ ಫ್ರೀಕ್ವೆನ್ಸಿ ಅತ್ತಿತ್ತ ಎಷ್ಟು ಸರಿಯುತ್ತದೆ ಎಂಬುದು) ಪರೀಕ್ಷಿಸಿ, ಆಂಟೆನಾ ಮ್ಯಾಚ್ ಆಗುತ್ತಿದೆಯೇ ನೋಡಿ.

ಹೊಸ ಕ್ರಿಸ್ಟಲ್ ಮೊದಲ ಕೆಲವು ತಿಂಗಳಲ್ಲೇ ಜಾಸ್ತಿ ಸರಿಯುತ್ತದೆ. ಅದಕ್ಕೇ ಸೆಟ್ ಕೊಡುವಾಗಲೇ ಹೇಳಿಬಿಡುತ್ತೇನೆ: ಕೆಲವು ವಾರ ಬಳಸಿ ಒಮ್ಮೆ ತನ್ನಿ, ಟ್ರಿಮ್ಮರ್ ಸ್ವಲ್ಪ ಮುಟ್ಟಬೇಕಾಗಬಹುದು.