ಫಾದರ್, ಕ್ಷಮೆ ಸಿಕ್ತಲ್ಲ, ಇನ್ನೇನು?

ಈಸ್ಟರ್‌ಗೆ ಮುಂಚಿನ ತಪಸ್ಸುಕಾಲ ಬಂದ್ರೆ, ಗುರುಗಳ ಹತ್ರ ಪಾಪ ಹೇಳ್ಕೊಂಡು ಕ್ಷಮೆ ಪಡೆಯೋ ಪಾಪನಿವೇದನೆಗೆ ಕ್ಯೂ ಶುರು, ನಂಗೆ ತಲೆನೋವೂ ಶುರು. ಜನ ಬರೋದಕ್ಕಲ್ಲ, ಬರ್ಲಿ, ನಾವಿರೋದೇ ಅದಕ್ಕೆ. ವಾಪಸ್ ಹೋಗುವಾಗ ಅವರು ಹಾಕ್ಕೊಂಡು ಹೋಗೋ ಲೆಕ್ಕಕ್ಕೆ. ದೇವರು ಕರುಣಾಮಯಿ, ಕ್ಷಮಿಸಿದ್ರು, ಪ್ರಾಯಶ್ಚಿತ್ತಕ್ಕೆ ಮೂರು ನಮೋ ಮರಿಯಾ ಜಪ ಹೇಳಿದೆ, ಫೈಲ್ ಕ್ಲೋಸ್.

ಪಾಪನಿವೇದನೆಯಲ್ಲಿ ಕೇಳಿದ್ದನ್ನ ನಾನು ಸಾಯೋವರೆಗೂ ಬಾಯಿ ಬಿಡೋ ಹಾಗಿಲ್ಲ. ಈಗ ಹೇಳೋದು ಗುರುಮನೆ ಜಗಲೀಲಿ ಕಾಫಿ ಕುಡೀತಾ ಒಬ್ರು ಹೇಳಿದ್ದು, ಬರೀರಿ ಅಂತ ಅವರೇ ಅಂದಿದ್ದು, ಆದ್ರೂ ಊರು ಹೆಸರು ಬೇಡ.

ಅಣ್ಣ ತಮ್ಮ, ಪಕ್ಕಪಕ್ಕದ ತೋಟ. ತಮ್ಮ ಊರಲ್ಲಿಲ್ಲದಾಗ ಅಣ್ಣ ಬಾಂದುಕಲ್ಲನ್ನ ಮೂರು ಹೆಜ್ಜೆ ಆಕಡೆ ಹೂತಿದ್ರು. "ದೇವರ ಹತ್ರ ಅತ್ತು ಹೇಳ್ಕೊಂಡಿದೀನಿ ಫಾದರ್, ಮನಸ್ಸು ಹಗುರ ಆಯ್ತು" ಅಂದ್ರು. ಸಂತೋಷ, ಕಲ್ಲು ಎಲ್ಲಿದೆ ಅಂದೆ. ಅಲ್ಲೇ ಇದೆ ಅಂದ್ರು.

ನೋಡಿ, ಎಲ್ಲರೂ ಎಡವೋದು ಇಲ್ಲೇ. ಕರುಣೆ ಅನ್ನೋದು ನ್ಯಾಯಕ್ಕೆ ಕೊಟ್ಟ ರಜೆ ಅಲ್ಲ. 13ನೇ ಶತಮಾನದಲ್ಲೇ ದೈವಶಾಸ್ತ್ರ ಪಂಡಿತ ಸಂತ ತೋಮಸ್ ಅಕ್ವಿನಾಸ್ ಇದಕ್ಕೊಂದು ಉದಾಹರಣೆ ಕೊಟ್ಟಿದ್ದಾರೆ, ನೂರು ನಾಣ್ಯ ಕೊಡ್ಬೇಕಾದವನು ತನ್ನದರಿಂದ್ಲೇ ಇನ್ನೂರು ಕೊಟ್ರೆ ಅದ್ರಲ್ಲಿ ಅನ್ಯಾಯ ಏನಿದೆ ಅಂತ. "ತನ್ನದರಿಂದ" ಅನ್ನೋದನ್ನ ಗಮನಿಸಿ. ದೇವರು ಕರುಣೆ ತೋರಿಸೋದು ತನ್ನ ಜೇಬಿಂದ, ನಿಮ್ಮ ತಮ್ಮನ ಜೇಬಿಂದ ಅಲ್ಲ. ನಮ್ಮ ಕಥೋಲಿಕ ಧರ್ಮಸಭೆಯ ಬೋಧನಾ ಗ್ರಂಥದ 1459ನೇ ಕಲಮಿನಲ್ಲೂ ಇದೇ ಇರೋದು, ಪಾಪ ಹೋಯ್ತು ಅಂದ್ರೆ ಪಾಪದಿಂದ ಆದ ಹಾನಿಯೆಲ್ಲ ಸರಿಹೋಯ್ತು ಅಂತಲ್ಲ, ಕದ್ದಿದ್ದನ್ನ ವಾಪಸ್ ಕೊಡ್ಬೇಕು, ಹೆಸರು ಕೆಡಿಸಿದ್ರೆ ಅದನ್ನ ಸರಿಮಾಡ್ಬೇಕು, ನಿಮ್ಮ ಕೈಲಾದಷ್ಟು. ಬಾಂದುಕಲ್ಲಿನ ವಿಷಯವಂತೂ ಬೈಬಲಿನ ಧರ್ಮೋಪದೇಶಕಾಂಡ 27ನೇ ಅಧ್ಯಾಯದಲ್ಲಿ ನೇರವಾಗೇ ಇದೆ, ನೆರೆಯವನ ಗಡಿಕಲ್ಲು ಸರಿಸಿದವನಿಗೆ ಶಾಪ ಅಂತ.

ಇಷ್ಟು ಹೇಳಿದ ಕೂಡ್ಲೇ ಯೇಸು ಪಕ್ಕದಲ್ಲೇ ಶಿಲುಬೆಗೇರಿ, ಸಾಯೋ ಗಳಿಗೇಲಿ ಯೇಸುವಿನಿಂದ ಸ್ವರ್ಗದ ಮಾತು ಪಡೆದ ಕಳ್ಳನನ್ನ ಎಳ್ಕೊಂಡು ಬರ್ತಾರೆ, ಅವನು ಏನು ವಾಪಸ್ ಕೊಟ್ಟ ಫಾದರ್ ಅಂತ. ಅಯ್ಯಾ, ಅವನ ಕೈಗಳನ್ನ ಶಿಲುಬೆ ಹಿಡ್ಕೊಂಡಿತ್ತು, ನಿಮ್ಮ ಕೈ ಖಾಲಿ ಇದೆಯಲ್ಲ. ಅದೂ ಅಲ್ದೆ ನಮಗಾಗಿರೋದು ನ್ಯಾಯವೇ ಅಂತ ಇನ್ನೊಬ್ಬ ಕಳ್ಳನಿಗೆ ಹೇಳಿದ್ದು ಅವನೇ. ಹಾಗೆ ಕೈ ಖಾಲಿ ಇದ್ದವನು ಸುಂಕ ವಸೂಲಿಯ ಶ್ರೀಮಂತ ಜಕ್ಕಾಯ, ಯೇಸು ಕೇಳದೇನೇ ಮೋಸದಿಂದ ತಗೊಂಡಿದ್ದಕ್ಕೆ ನಾಲ್ಕರಷ್ಟು ಕೊಡ್ತೀನಿ ಅಂದ. ಯೇಸು ಅವನ ಮನೆಗೆ ಬರ್ತೀನಿ ಅಂದಿದ್ದು ಮೊದಲು, ಇದು ಆಮೇಲೆ, ಅದನ್ನೂ ಮರೀಬೇಡಿ.

ಹಾಗಂತ ಇದನ್ನ ಓದಿ ಇವತ್ತೇ ಎಲ್ಲರ ಮುಂದೆ ಹೋಗಿ ಒಪ್ಕೊಂಡು ಬಿಡಬೇಡಿ, ಒಬ್ಬೊಬ್ಬರ ಕೇಸೂ ಬೇರೆ. ಗುಟ್ಟಾಗಿ ವಾಪಸ್ ತಲುಪಿಸೋ ದಾರಿನೂ ಇರತ್ತೆ, ಕೊಡ್ಬೇಕಾದವರು ತೀರ್ಕೊಂಡಿದ್ರೆ ವಾರಸುದಾರರು ಇರ್ತಾರೆ, ಅವರೂ ಇಲ್ಲಾಂದ್ರೆ ಬಡವರು. ಮೊದ್ಲು ನಿಮ್ಮ ಗುರುಗಳ ಹತ್ರ ಮಾತಾಡಿ. ಇನ್ನು ಐವತ್ತು ಪೈಸೆಗೂ ರಾತ್ರಿ ನಿದ್ದೆ ಬಿಡೋರು ಇದನ್ನ ಓದ್ಲೇಬೇಡಿ.

ಆ ಅಣ್ಣ ಎರಡು ತಿಂಗಳು ಜಗಲಿ ಕಡೆ ತಲೆ ಹಾಕ್ಲಿಲ್ಲ. ಒಂದು ಭಾನುವಾರ ಪೂಜೆ ಮುಗಿದ ಮೇಲೆ ಹಾರೆ ಹಿಡ್ಕೊಂಡು ಬಂದ್ರು, ಒಬ್ಬನೇ ಹೋಗೋಕೆ ಧೈರ್ಯ ಇಲ್ಲ ಅಂತ. ಹೋದ್ವಿ. ತಮ್ಮ ಬಂದು ಬೇಲಿ ಪಕ್ಕ ನಿಂತ, ಒಂದು ಮಾತಿಲ್ಲ. ಕಲ್ಲು ಹಳೇ ಗುಂಡೀಲಿ ಕೂತ ಮೇಲೆ ಕಾಲಿಂದ ಒಂದ್ಸಲ ಒತ್ತಿ ನೋಡಿ, ಹಾರೆ ಇಸ್ಕೊಂಡು ಸುತ್ತ ಮಣ್ಣು ಗಟ್ಟಿ ಮಾಡಿದ.