ಖಾಲಿ ಮಹಡಿಗಳು ಇಟ್ಟ ಹೆಸರು: ಸಿಯರ್ಸ್ ಟವರ್ ವಿಲ್ಲಿಸ್ ಟವರ್ ಆದ ಕಥೆ

ಶಿಕಾಗೋ ನಗರದ ಸೌತ್ ವ್ಯಾಕರ್ ಡ್ರೈವ್‌ನಲ್ಲಿ 233ನೇ ನಂಬರಿನ ಕಪ್ಪು ಗೋಪುರಕ್ಕೆ 2009ರ ಜುಲೈ 16ರಂದು ಹೊಸ ನಾಮಕರಣವಾಯಿತು. ಮೂರೂವರೆ ದಶಕ ‘ಸಿಯರ್ಸ್ ಟವರ್’ ಆಗಿದ್ದ 110 ಮಹಡಿಗಳ ಕಟ್ಟಡ ಅಂದಿನಿಂದ ‘ವಿಲ್ಲಿಸ್ ಟವರ್’. ಹೆಸರು ಕೊಟ್ಟ ಕಂಪನಿ ಕಟ್ಟಡವನ್ನು ಕೊಂಡಿರಲಿಲ್ಲ, ಬಾಡಿಗೆಗೆ ಬಂದಿತ್ತು. ಹಾಗೆಂದು ದೊಡ್ಡ ಬಾಡಿಗೆದಾರನೂ ಅಲ್ಲ. ಸುಮಾರು 45 ಲಕ್ಷ ಚದರ ಅಡಿ ವಿಸ್ತಾರದ ಕಟ್ಟಡದಲ್ಲಿ ಅದು ಹಿಡಿದದ್ದು 1.4 ಲಕ್ಷ ಚದರ ಅಡಿ. ನೂರರಲ್ಲಿ ಮೂರು ಪಾಲು ಜಾಗದಲ್ಲಿ ಕುಳಿತವರ ಹೆಸರು ಇಡೀ ಗೋಪುರಕ್ಕೆ ಅಂಟಿಕೊಂಡದ್ದು ಹೇಗೆ? ಈ ಕಟ್ಟಡದ ಚರಿತ್ರೆಯನ್ನು ಎತ್ತರದ ದಾಖಲೆಗಳ ಮೂಲಕ ಹೇಳುವವರೇ ಹೆಚ್ಚು. ನನಗೆ ಅದರ ಖಾಲಿ ಮಹಡಿಗಳ ಮೂಲಕ ಹೇಳುವುದೇ ಸರಿಯೆನಿಸುತ್ತದೆ. ಒಳಗೆ ಎಷ್ಟು ಜಾಗ ಖಾಲಿ ಬಿದ್ದಿತ್ತು ಎಂಬುದೇ ಹೊರಗೆ ಯಾರ ಹೆಸರು ಇರಬೇಕೆಂಬುದನ್ನು ತೀರ್ಮಾನಿಸುತ್ತ ಬಂದಿದೆ.

1969ರಲ್ಲಿ ಸಿಯರ್ಸ್ ರೋಬಕ್ ಕಂಪನಿ ಜಗತ್ತಿನ ಅತಿದೊಡ್ಡ ಚಿಲ್ಲರೆ ವ್ಯಾಪಾರ ಸಂಸ್ಥೆಯಾಗಿತ್ತು. ಸುಮಾರು ಮೂರೂವರೆ ಲಕ್ಷ ಮಂದಿ ಅದರ ನೌಕರರು. ಅಮೆರಿಕದ ಹಳ್ಳಿಗಾಡಿನ ರೈತರಿಗೆ ಅದು ಅಂಚೆಯಲ್ಲಿ ಬರುವ ದಪ್ಪ ಕ್ಯಾಟಲಾಗ್ ಆಗಿ ಪರಿಚಯವಾಗಿತ್ತು. ಕೈಗಡಿಯಾರ, ಹೊಲಿಗೆ ಯಂತ್ರ, ನೇಗಿಲು, ಬಟ್ಟೆ ಎಲ್ಲವನ್ನೂ ಆ ಪುಸ್ತಕದಲ್ಲಿ ನೋಡಿ ತರಿಸಿಕೊಳ್ಳಬಹುದಿತ್ತು. 1908ರಿಂದ 1940ರವರೆಗೆ ಬಿಡಿಬಿಡಿ ತುಂಡುಗಳಾಗಿ ರೈಲಿನಲ್ಲಿ ಬಂದಿಳಿಯುವ, ಕೊಂಡವರೇ ಜೋಡಿಸಿಕೊಳ್ಳಬಹುದಾದ ಇಡೀ ಮನೆಯನ್ನೇ ಅದು ಮಾರುತ್ತಿತ್ತು. ಇಷ್ಟು ಬೆಳೆದ ಕಂಪನಿಯ ಕಚೇರಿಗಳು ಶಿಕಾಗೋದ ಉದ್ದಗಲಕ್ಕೂ ಚದುರಿಹೋಗಿದ್ದವು. ಎಲ್ಲರನ್ನೂ ಒಂದೇ ಸೂರಿನಡಿ ತರಬೇಕೆಂಬ ಯೋಚನೆ ಹುಟ್ಟಿದ್ದು ಆಗ.

ಲೆಕ್ಕ ಹಾಕಿದಾಗ ಸಿಯರ್ಸ್‌ಗೆ 30 ಲಕ್ಷ ಚದರ ಅಡಿ ಬೇಕೆಂದು ತೋರಿತು. ಮುಂದೆ ಕಂಪನಿ ಇನ್ನೂ ಬೆಳೆಯುತ್ತದೆ, ಇನ್ನಷ್ಟು ಜನ ಬರುತ್ತಾರೆ, ಅಲ್ಲಿಯವರೆಗೆ ಮೇಲಿನ ಮಹಡಿಗಳನ್ನು ಬೇರೆಯವರಿಗೆ ಬಾಡಿಗೆಗೆ ಕೊಡೋಣ ಎಂಬ ಎಣಿಕೆ ಅವರದು. ಕೆಳಗಿನ ಅಗಲವಾದ ಮಹಡಿಗಳು ತಮಗೆ, ಮೇಲಿನ ಕಿರಿದಾದವು ಬಾಡಿಗೆದಾರರಿಗೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುತ್ತೇವೆ. ಇವರು ಕಾಲು ಬೆಳೆಯುತ್ತದೆಂದು ನಂಬಿ ಹಾಸಿಗೆಯನ್ನು ಮೊದಲೇ ಉದ್ದಕ್ಕೆ ಹೊಲಿಸಿದರು. ಎರಡು ಬ್ಲಾಕ್‌ಗಳ ಹಳೆಯ ಕಟ್ಟಡಗಳನ್ನು ಕೊಂಡರು. ನಡುವೆ ಹಾದುಹೋಗುತ್ತಿದ್ದ ಕ್ವಿನ್ಸಿ ರಸ್ತೆಯ ಒಂದು ತುಂಡನ್ನು ನಗರಾಡಳಿತದಿಂದ 27 ಲಕ್ಷ ಡಾಲರ್ ಕೊಟ್ಟು ಪಡೆದರು.

ವಿನ್ಯಾಸದ ಹೊಣೆ ಸ್ಕಿಡ್‌ಮೋರ್, ಓವಿಂಗ್ಸ್ ಅಂಡ್ ಮೆರಿಲ್ ಸಂಸ್ಥೆಯದು. ವಾಸ್ತುಶಿಲ್ಪಿ ಬ್ರೂಸ್ ಗ್ರಹಾಂ, ರಚನಾ ಎಂಜಿನಿಯರ್ ಫಜ್ಲುರ್ ರೆಹಮಾನ್ ಖಾನ್. ಈ ಲೇಖನದಲ್ಲಿ ಬರುವ ಎಲ್ಲ ಹೆಸರುಗಳ ನಡುವೆ ಖಾನ್ ಬಳಿ ಸ್ವಲ್ಪ ಹೊತ್ತು ನಿಲ್ಲಬೇಕು. 1929ರಲ್ಲಿ ಢಾಕಾದಲ್ಲಿ ಗಣಿತ ಮೇಷ್ಟರ ಮಗನಾಗಿ ಹುಟ್ಟಿದ ಇವರು ಕೋಲ್ಕತ್ತದ ಬಳಿಯ ಶಿಬ್‌ಪುರದಲ್ಲಿಯೂ ಢಾಕಾದಲ್ಲಿಯೂ ಎಂಜಿನಿಯರಿಂಗ್ ಓದಿ, 1952ರಲ್ಲಿ ವಿದ್ಯಾರ್ಥಿವೇತನದ ಮೇಲೆ ಇಲಿನಾಯ್‌ಗೆ ಹೋದರು. ಅಲ್ಲಿಯವರೆಗೆ ಎತ್ತರದ ಕಟ್ಟಡವೆಂದರೆ ಒಳಗೆಲ್ಲ ಕಂಬ ತೊಲೆಗಳ ಕಾಡು. ಎತ್ತರ ಹೆಚ್ಚಿದಷ್ಟೂ ಗಾಳಿಯ ಒತ್ತಡ ಹೆಚ್ಚುತ್ತದೆ, ಅದನ್ನು ತಡೆಯಲು ಉಕ್ಕು ಬೇಕಾಗುತ್ತದೆ, ಖರ್ಚು ಏರುತ್ತದೆ. ಕಂಬಗಳನ್ನು ಹೊರಗೋಡೆಗೇ ತಂದು, ಕಟ್ಟಡ ಪೂರ್ತಿಯಾಗಿ ಒಂದು ಟೊಳ್ಳು ಕೊಳವೆಯಂತೆ ಗಾಳಿಯನ್ನು ಎದುರಿಸುವಂತೆ ಮಾಡಬಹುದು ಎಂಬುದು ಖಾನ್ ಕಂಡ ದಾರಿ. ಸಿಯರ್ಸ್‌ಗಾಗಿ ಅವರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಪ್ರತಿ ಬದಿ 75 ಅಡಿಯ ಒಂಬತ್ತು ಚೌಕ ಕೊಳವೆಗಳನ್ನು ಮೂರು ಮೂರರ ಸಾಲಿನಲ್ಲಿ ಒಟ್ಟಿಗೆ ಕಟ್ಟಿದರು. ಒಂದು ಕಡ್ಡಿ ಬಾಗುತ್ತದೆ, ಕಡ್ಡಿಗಳ ಕಟ್ಟು ಬಾಗುವುದಿಲ್ಲ. ಗ್ರಹಾಂ ಸಿಗರೇಟುಗಳನ್ನು ಮುಷ್ಟಿಯಲ್ಲಿ ಹಿಡಿದು, ಒಂದೊಂದನ್ನು ಒಂದೊಂದು ಎತ್ತರಕ್ಕೆ ಎಳೆದು ತೋರಿಸಿದರೆಂಬ ಕಥೆಯೂ ಇದೆ. ಒಂಬತ್ತೂ ಕೊಳವೆಗಳು 50ನೇ ಮಹಡಿಯವರೆಗೆ ಜೊತೆಯಾಗಿ ಏರುತ್ತವೆ. ಅಲ್ಲಿ ಎರಡು ನಿಲ್ಲುತ್ತವೆ, 66ರಲ್ಲಿ ಇನ್ನೆರಡು, 90ರಲ್ಲಿ ಮೂರು. ಕೊನೆಗೆ ಉಳಿದ ಎರಡೇ ತುದಿ ಮುಟ್ಟುತ್ತವೆ. ಗೋಪುರದ ಆ ಮೆಟ್ಟಿಲು ಮೆಟ್ಟಿಲಾದ ರೂಪ ಅಲಂಕಾರಕ್ಕಾಗಿ ಬಂದದ್ದಲ್ಲ. ಕೆಳಗೆ ಸಿಯರ್ಸ್‌ಗೆ ಬೇಕಾದ ವಿಶಾಲ ಮಹಡಿ, ಮೇಲೆ ಸಣ್ಣ ಬಾಡಿಗೆದಾರರಿಗೆ ಒಪ್ಪುವ ಕಿರು ಮಹಡಿ ಎಂಬ ವ್ಯಾಪಾರದ ಅಗತ್ಯವೇ ಹಾಗೆ ರೂಪ ಪಡೆದಿದೆ.

1970ರಲ್ಲಿ ಕೆಲಸ ಶುರುವಾಯಿತು. ಸುತ್ತಲಿನ ಊರುಗಳಿಂದ ಮೊದಲು ಬಂದ ತಕರಾರು ಟಿವಿ ಚಿತ್ರದ ಬಗ್ಗೆ. ಗೋಪುರ ಅಡ್ಡವಾಗಿ ತಮ್ಮ ಮನೆಯ ಟಿವಿ ಪರದೆಗಳ ಮೇಲೆ ಚಿತ್ರ ಕದಡುತ್ತದೆ, ಕಟ್ಟಡವನ್ನು ಅರ್ಧಕ್ಕೇ ನಿಲ್ಲಿಸಬೇಕೆಂದು ಅವರು ನ್ಯಾಯಾಲಯಕ್ಕೆ ಹೋದರು. 1972ರಲ್ಲಿ ಇಲಿನಾಯ್ ಸುಪ್ರೀಂ ಕೋರ್ಟ್ ಸಿಯರ್ಸ್ ಪರ ತೀರ್ಪು ಕೊಟ್ಟಿತು. ಮುಂದೆ ಹಲವು ಟಿವಿ ಕೇಂದ್ರಗಳು ತಮ್ಮ ಆಂಟೆನಾಗಳನ್ನು ಅದೇ ಗೋಪುರದ ನೆತ್ತಿಗೆ ಒಯ್ದವು. 1973ರ ಮೇ 3ರಂದು ಉಕ್ಕಿನ ಚೌಕಟ್ಟು ತುದಿ ಮುಟ್ಟಿತು. 442 ಮೀಟರ್ ಎತ್ತರದ ಅದು ನ್ಯೂಯಾರ್ಕ್‌ನ ವರ್ಲ್ಡ್ ಟ್ರೇಡ್ ಸೆಂಟರನ್ನು ಹಿಂದಿಕ್ಕಿತು. ಕ್ವಾಲಾಲಂಪುರದ ಪೆಟ್ರೊನಾಸ್ ಗೋಪುರಗಳು ಬರುವವರೆಗೂ ಜಗತ್ತಿನ ಅತಿ ಎತ್ತರದ ಕಟ್ಟಡವೆಂಬ ಬಿರುದು ಅದರದೇ. 2013ರವರೆಗೆ ಅಮೆರಿಕದ ಮಟ್ಟಿಗೆ ಆ ಸ್ಥಾನ ಉಳಿದಿತ್ತು.

ಗೋಪುರ ಮೇಲೇರಿತು, ಕಂಪನಿ ಏರಲಿಲ್ಲ. ರಿಯಾಯಿತಿ ದರದ ದೊಡ್ಡ ಅಂಗಡಿಗಳು ಗಿರಾಕಿಗಳನ್ನು ಸೆಳೆದವು. ಕೇಮಾರ್ಟ್ ಬೆಳೆಯಿತು, ಅದರ ಬೆನ್ನಿಗೇ ವಾಲ್‌ಮಾರ್ಟ್ ಬಂತು. 1990ರ ದಶಕ ಶುರುವಾಗುವ ಹೊತ್ತಿಗೆ ಸಿಯರ್ಸ್ ಮೊದಲ ಸ್ಥಾನ ಕಳೆದುಕೊಂಡಿತ್ತು. ಸೇರಿಸಿಕೊಳ್ಳಬೇಕೆಂದಿದ್ದ ಸಾವಿರಾರು ಹೊಸ ನೌಕರರು ಬರಲೇ ಇಲ್ಲ. 1980ರ ದಶಕದಲ್ಲಿ ಶಿಕಾಗೋದ ನಡುಪಟ್ಟಣದಲ್ಲಿ ಹೊಸ ಕಚೇರಿ ಕಟ್ಟಡಗಳು ಸಾಲುಸಾಲಾಗಿ ಎದ್ದು, ಬಾಡಿಗೆದಾರರನ್ನು ಹುಡುಕುವುದೇ ಕಷ್ಟವಾಯಿತು. 1988ರಲ್ಲಿ ಸಿಯರ್ಸ್ ತನ್ನ ಗೋಪುರವನ್ನು ಮಾರಲು ಹೊರಟಿತು. ಬಯಸಿದ ಬೆಲೆಗೆ ಕೊಳ್ಳುವವರು ಸಿಗಲಿಲ್ಲ. ಮುಂದೆ ಅದನ್ನು ಅಡಮಾನವಿಟ್ಟು ದೊಡ್ಡ ಸಾಲ ಎತ್ತಿತು. 1992ರಿಂದ ತನ್ನ ವ್ಯಾಪಾರ ವಿಭಾಗವನ್ನು ನಗರದಾಚೆಯ ಹಾಫ್‌ಮನ್ ಎಸ್ಟೇಟ್ಸ್‌ಗೆ ಸಾಗಿಸತೊಡಗಿತು. 1993ರಲ್ಲಿ ಆ ಹೆಸರಾಂತ ದೊಡ್ಡ ಕ್ಯಾಟಲಾಗ್ ಕೂಡ ನಿಂತುಹೋಯಿತು. ಯಾರಿಗಾಗಿ ಕೆಳಗಿನ ಮಹಡಿಗಳನ್ನು ಅಷ್ಟು ಅಗಲವಾಗಿ ಕಟ್ಟಿದ್ದರೋ ಅವರೇ ಇಪ್ಪತ್ತು ವರ್ಷ ತುಂಬುವ ಮೊದಲು ಗಂಟುಮೂಟೆ ಕಟ್ಟಿದ್ದು ಈ ಕಥೆಯ ಅತ್ಯಂತ ದುಃಖದ ಘಟ್ಟ ಎಂದೇ ನನಗನ್ನಿಸುತ್ತದೆ.

ಮುಂದಿನ ಹತ್ತು ವರ್ಷ ಗೋಪುರ ಸಾಲದ ಕಾಗದಗಳ ಮೇಲೆ ಕೈ ಬದಲಾಯಿಸಿತು. 1994ರಲ್ಲಿ ಸಿಯರ್ಸ್ ಮಾಲೀಕತ್ವದಿಂದ ಹೊರಬಿದ್ದಿತು. 1997ರಲ್ಲಿ ಟೊರಾಂಟೊದ ಟ್ರೈಜೆಕ್‌ಹಾನ್ ಕಂಪನಿ 11 ಕೋಟಿ ಡಾಲರ್ ಕೊಟ್ಟು, 73.4 ಕೋಟಿ ಡಾಲರ್ ಅಡಮಾನ ಸಾಲವನ್ನೂ ಹೆಗಲಿಗೇರಿಸಿಕೊಂಡು ಕೊಂಡಿತು. ಕೊಟ್ಟ ಹಣಕ್ಕಿಂತ ಹೊತ್ತ ಸಾಲವೇ ಆರು ಪಟ್ಟು ಮಿಗಿಲು. 2001ರ ಸೆಪ್ಟೆಂಬರ್ 11ರ ದಾಳಿಯ ನಂತರ ದೇಶದ ಅತಿ ಎತ್ತರದ ಕಟ್ಟಡದಲ್ಲಿ ಕಚೇರಿ ಇಡುವುದಕ್ಕೇ ಜನ ಹಿಂಜರಿದರು. ಕರಾರು ಮುಗಿದವರು ಬೇರೆ ಕಡೆ ಹೋದರು. 2003ರಲ್ಲಿ ಟ್ರೈಜೆಕ್, ಸಾಲ ಕೊಟ್ಟಿದ್ದ ಮೆಟ್‌ಲೈಫ್ ವಿಮಾ ಕಂಪನಿಗೇ ಗೋಪುರವನ್ನು ಒಪ್ಪಿಸಿ ಕೈ ತೊಳೆದುಕೊಂಡಿತು. ಮರುವರ್ಷ ನ್ಯೂಯಾರ್ಕ್ ಮತ್ತು ಶಿಕಾಗೋ ಕಡೆಯ ಹೂಡಿಕೆದಾರರ ಗುಂಪೊಂದು 84 ಕೋಟಿ ಡಾಲರಿಗೆ ಅದನ್ನು ಪಡೆಯಿತು.

ಇಲ್ಲಿ ಮೆಟ್‌ಲೈಫ್ ಬಗ್ಗೆ ಒಂದು ಮಾತು. ನ್ಯೂಯಾರ್ಕ್‌ನ ಪಾರ್ಕ್ ಅವೆನ್ಯೂಗೆ ಅಡ್ಡವಾಗಿ ನಿಂತಿರುವ ಪ್ಯಾನ್ ಆಮ್ ಕಟ್ಟಡವನ್ನು ಅದು 1981ರಲ್ಲಿ ಕೊಂಡಿತ್ತು. ವಿಮಾನ ಕಂಪನಿ 1991ರಲ್ಲಿ ಮುಚ್ಚಿಹೋದ ಮೇಲೆ ನೆತ್ತಿಯ ಮೇಲಿದ್ದ ಅದರ ಅಕ್ಷರಗಳನ್ನು ಇಳಿಸಿ ತನ್ನ ಹೆಸರನ್ನು ಏರಿಸಿತು. 2005ರಲ್ಲಿ ಆ ಕಟ್ಟಡವನ್ನು ಮಾರಿತಾದರೂ ಹೆಸರು ಇಂದಿಗೂ ಅಲ್ಲಿಯೇ ಇದೆ. ಶಿಕಾಗೋದ ಗೋಪುರ ಕೈಗೆ ಬಂದಾಗ ಮಾತ್ರ ಮೆಟ್‌ಲೈಫ್ ಅದರ ಮೇಲೆ ಹೆಸರು ಬರೆಯದೆ ಮಾರಿಬಿಟ್ಟಿತು. ಕಟ್ಟಡ ಯಾರದು ಎಂಬುದಕ್ಕೂ ಫಲಕದ ಮೇಲೆ ಯಾರಿದ್ದಾರೆ ಎಂಬುದಕ್ಕೂ ಆ ಹೊತ್ತಿಗಾಗಲೇ ಸಂಬಂಧ ಸಡಿಲವಾಗಿತ್ತು.

ಸಿಯರ್ಸ್ ಗೋಪುರ ಬಿಟ್ಟರೂ ಹೆಸರಿನ ಹಕ್ಕು 2003ರವರೆಗೆ ಅದರ ಬಳಿಯೇ ಇತ್ತು. ಅವಧಿ ಮುಗಿದ ಮೇಲೂ ಫಲಕ ತೆಗೆಯುವ ಗೋಜಿಗೆ ಯಾರೂ ಹೋಗಲಿಲ್ಲ. ಆರು ವರ್ಷ ಆ ಹೆಸರು ಯಾವ ಕರಾರಿನ ಬಲವೂ ಇಲ್ಲದೆ, ಬರೀ ರೂಢಿಯ ಬಲದ ಮೇಲೆ ನಿಂತಿತ್ತು. ಅಷ್ಟರಲ್ಲಿ 2008ರ ಆರ್ಥಿಕ ಕುಸಿತ ಬಂತು. ಖಾಲಿ ಮಹಡಿಗಳು ಮತ್ತೆ ಮಾಲೀಕರ ನಿದ್ದೆಗೆಡಿಸಿದವು. 2009ರ ಮಾರ್ಚ್‌ನಲ್ಲಿ ಲಂಡನ್ನಿನ ವಿಲ್ಲಿಸ್ ಗ್ರೂಪ್ ಬಂದದ್ದು ಇಂಥ ಹೊತ್ತಿನಲ್ಲಿ. ವಿಲ್ಲಿಸ್ ಎಂಬುದು ವಿಮೆ ಕುದುರಿಸುವ ದಲ್ಲಾಳಿ ಸಂಸ್ಥೆ. 1912ರಲ್ಲಿ ಟೈಟಾನಿಕ್ ಹಡಗಿನ ವಿಮೆಯನ್ನು ಕುದುರಿಸಿದ್ದೂ ಅದರ ಪೂರ್ವಜ ಕಂಪನಿಯೇ. ಶಿಕಾಗೋದಲ್ಲಿ ಬೇರೆ ಬೇರೆ ಕಡೆ ಇದ್ದ ತನ್ನ ಕಚೇರಿಗಳನ್ನು ಒಂದೆಡೆ ಸೇರಿಸಲು ಅದು ಜಾಗ ನೋಡುತ್ತಿತ್ತು. ಚದರ ಅಡಿಗೆ ವರ್ಷಕ್ಕೆ 14.50 ಡಾಲರ್ ಬಾಡಿಗೆಗೆ ಒಪ್ಪಂದವಾಯಿತು. ಅದರ ಜೊತೆಗೆ ಹೆಸರೂ ಸೇರಿಕೊಂಡಿತು. ಹೆಸರಿಗೆಂದು ಬೇರೆ ಹಣವಿಲ್ಲ. ಮಾಲೀಕರ ಕೈಯಲ್ಲಿ ಚೌಕಾಸಿಗೆ ಉಳಿದಿದ್ದ ಬೆಲೆಬಾಳುವ ವಸ್ತು ಅದೊಂದೇ ಆಗಿತ್ತು. ಬಂದ ಬಾಡಿಗೆದಾರನನ್ನು ಹಿಡಿದಿಟ್ಟುಕೊಳ್ಳಲು ಅದನ್ನು ಕೊಟ್ಟುಬಿಟ್ಟರು.

ಊರಿನ ಜನಕ್ಕೆ ಸಿಟ್ಟು ಬಂತು. ಅದಕ್ಕೆ ಹಳೆಯ ಗಾಯವೂ ಕಾರಣ. ಸ್ಟೇಟ್ ಸ್ಟ್ರೀಟಿನಲ್ಲಿ ತಲೆಮಾರುಗಳಿಂದ ಇದ್ದ ಮಾರ್ಷಲ್ ಫೀಲ್ಡ್ಸ್ ಮಳಿಗೆಯನ್ನು 2006ರಲ್ಲಿ ನ್ಯೂಯಾರ್ಕ್ ಮೂಲದ ಮೇಸೀಸ್ ತನ್ನ ಹೆಸರಿಗೆ ಬದಲಾಯಿಸಿದಾಗ ಜನ ಬೀದಿಗಿಳಿದು ಪ್ರತಿಭಟಿಸಿದ್ದರು. ಈಗ ಕ್ಷಿತಿಜದ ಅತಿ ಎತ್ತರದ ಗೆರೆಯೇ ಲಂಡನ್ನಿನ ಕಂಪನಿಯೊಂದರ ಹೆಸರಿಗೆ ಹೋಗುತ್ತಿತ್ತು. ಸಹಿ ಸಂಗ್ರಹಗಳು ನಡೆದವು. ಕರಾರು ಬದಲಾಗಲಿಲ್ಲ, ಜನರ ಬಾಯಿಯೂ ಬದಲಾಗಲಿಲ್ಲ. ಟ್ಯಾಕ್ಸಿ ಹತ್ತಿ ‘ಸಿಯರ್ಸ್ ಟವರ್’ ಎನ್ನುವವರು ಇಂದಿಗೂ ಬಹಳ.

ಇದು ಒಂದೇ ಗೋಪುರದ ಪಾಡಲ್ಲ. ಗ್ರಹಾಂ ಮತ್ತು ಖಾನ್ ಅದೇ ಊರಿನಲ್ಲಿ ಅದಕ್ಕೂ ಮೊದಲು ಕಟ್ಟಿದ ನೂರು ಮಹಡಿಗಳ ಜಾನ್ ಹ್ಯಾನ್‌ಕಾಕ್ ಸೆಂಟರ್ ಬಾಸ್ಟನ್ನಿನ ವಿಮಾ ಕಂಪನಿಯೊಂದರ ಹೆಸರು ಹೊತ್ತಿತ್ತು. 2018ರಲ್ಲಿ ಆ ಕಂಪನಿಯೇ ತನ್ನ ಹೆಸರು ತೆಗೆಯಿರಿ ಎಂದಿತು. ಅಂದಿನಿಂದ ಆ ಗೋಪುರಕ್ಕೆ ಬಾಗಿಲ ನಂಬರೇ ಹೆಸರು: 875, ನಾರ್ತ್ ಮಿಶಿಗನ್ ಅವೆನ್ಯೂ. ಸ್ಟ್ಯಾಂಡರ್ಡ್ ಆಯಿಲ್ ಕಂಪನಿ ಬಿಳಿ ಅಮೃತಶಿಲೆ ಹೊದಿಸಿ ಕಟ್ಟಿಸಿದ 83 ಮಹಡಿಗಳ ಇನ್ನೊಂದು ಗೋಪುರ ಮೊದಲು ಅಮೋಕೊ ಆಯಿತು, 1999ರಲ್ಲಿ ಏಯಾನ್ ಸೆಂಟರ್ ಆಯಿತು. ಅಷ್ಟರಲ್ಲಿ ಅಮೃತಶಿಲೆಯೂ ಬಾಗಿ, ಅದನ್ನು ತೆಗೆದು ಗ್ರಾನೈಟ್ ಹೊದಿಸಿಯಾಗಿತ್ತು. ಈ ಏಯಾನ್ ಕೂಡ ವಿಮಾ ದಲ್ಲಾಳಿ ಸಂಸ್ಥೆಯೇ, ವಿಲ್ಲಿಸ್‌ನ ನೇರ ಪ್ರತಿಸ್ಪರ್ಧಿ. 2020ರಲ್ಲಿ ಎರಡೂ ಒಂದಾಗುವ ಒಪ್ಪಂದವಾಗಿತ್ತು. ಪೈಪೋಟಿ ಕುಗ್ಗುತ್ತದೆಂದು ಅಮೆರಿಕದ ನ್ಯಾಯ ಇಲಾಖೆ ದಾವೆ ಹೂಡಿದ ಮೇಲೆ 2021ರ ಜುಲೈನಲ್ಲಿ ಅದು ಮುರಿದುಬಿತ್ತು. ಆ ಮದುವೆ ನಡೆದಿದ್ದರೆ ಶಿಕಾಗೋದ ಎರಡು ಬೃಹತ್ ಗೋಪುರಗಳ ಹೆಸರು ಒಂದೇ ಮನೆಯದಾಗುತ್ತಿತ್ತು.

ಗೋಪುರಕ್ಕೆ ಹೆಸರು ಕೊಟ್ಟ ಕಂಪನಿಯ ಹೆಸರೂ ನಿಂತಲ್ಲಿ ನಿಂತಿಲ್ಲ. 2016ರಲ್ಲಿ ಟವರ್ಸ್ ವಾಟ್ಸನ್ ಜೊತೆ ಸೇರಿ ಅದು ವಿಲ್ಲಿಸ್ ಟವರ್ಸ್ ವಾಟ್ಸನ್ ಆಯಿತು, 2022ರಲ್ಲಿ ‘ಡಬ್ಲ್ಯೂಟಿಡಬ್ಲ್ಯೂ’ ಎಂಬ ಮೂರಕ್ಷರಕ್ಕೆ ಇಳಿಯಿತು. ಹಾಗಾಗಿ ಗೋಪುರದ ಮೇಲಿರುವುದು ಕಂಪನಿ ಸ್ವತಃ ಬಿಟ್ಟುಕೊಟ್ಟ ಹೆಸರು. ಇತ್ತ ಗೋಪುರವನ್ನು ನಿಜವಾಗಿ ತುಂಬಿದ್ದು ಯುನೈಟೆಡ್ ಏರ್‌ಲೈನ್ಸ್. 2009ರಲ್ಲಿಯೇ ತನ್ನ ಕಾರ್ಯಾಚರಣೆ ಕೇಂದ್ರವನ್ನು ಇಲ್ಲಿಗೆ ತರುವುದಾಗಿ ಹೇಳಿದ ಅದು, ಕೆಲವೇ ವರ್ಷಗಳಲ್ಲಿ ಪ್ರಧಾನ ಕಚೇರಿಯನ್ನೂ ತಂದು ಅತಿದೊಡ್ಡ ಬಾಡಿಗೆದಾರನಾಯಿತು. ಆದರೆ ಹೆಸರು ಆಗಲೇ ಬೇರೆಯವರಿಗೆ ಹೋಗಿತ್ತು. ವಿಲ್ಲಿಸ್ ಕೆಲವು ತಿಂಗಳು ಮೊದಲು ಬಂದಿತ್ತು, ಅಷ್ಟೇ ವ್ಯತ್ಯಾಸ.

2015ರಲ್ಲಿ ಬ್ಲಾಕ್‌ಸ್ಟೋನ್ ಹೂಡಿಕೆ ಸಂಸ್ಥೆ 130 ಕೋಟಿ ಡಾಲರಿಗೆ ಗೋಪುರವನ್ನು ಕೊಂಡಿತು. ಅದೂ ತನ್ನ ಹೆಸರನ್ನು ಹಾಕಿಕೊಳ್ಳಲಿಲ್ಲ. ಇಂದಿನ ಮಾಲೀಕರಿಗೆ ಗೋಪುರ ತಮ್ಮ ಗುರುತಲ್ಲ, ಕೊಂಡು, ತುಂಬಿಸಿ, ಸಮಯ ನೋಡಿ ಮಾರುವ ಆಸ್ತಿ. ತುಂಬಿಸುವುದಕ್ಕಾಗಿಯೇ ಬುಡವನ್ನು ಒಡೆದು ಊಟ, ತಿಂಡಿ, ಅಂಗಡಿಗಳ ಐದು ಮಹಡಿಯ ಹೊಸ ಭಾಗ ಕಟ್ಟಿಸಿದರು. ಈ ಕೆಲಸಕ್ಕೆ ಮೊದಲು, 1974ರಿಂದ ಒಳಾಂಗಣದಲ್ಲಿ ತಿರುಗುತ್ತಿದ್ದ ಅಲೆಕ್ಸಾಂಡರ್ ಕಾಲ್ಡರ್‌ರ ‘ಯೂನಿವರ್ಸ್’ ಶಿಲ್ಪ 2017ರಲ್ಲಿ ಅಲ್ಲಿಂದ ಹೊರಟಿತ್ತು. 2022ರಲ್ಲಿ ತೆರೆದ ಆ ಹೊಸ ಭಾಗಕ್ಕೆ ಇಟ್ಟ ಹೆಸರು ‘ಕ್ಯಾಟಲಾಗ್’. ಸಿಯರ್ಸ್‌ನ ಆ ದಪ್ಪ ಪುಸ್ತಕದ ನೆನಪಿಗೆ.

ಆ ಹೊತ್ತಿಗೆ ಸಿಯರ್ಸ್ ಇದ್ದೂ ಇಲ್ಲದಂತಾಗಿತ್ತು. 2005ರಲ್ಲಿ ಹಳೆಯ ಪ್ರತಿಸ್ಪರ್ಧಿ ಕೇಮಾರ್ಟ್ ಜೊತೆ ಸೇರಿದ ಅದು 2018ರ ಅಕ್ಟೋಬರ್‌ನಲ್ಲಿ ದಿವಾಳಿ ಅರ್ಜಿ ಹಾಕಿತು. ಅದೇ ವರ್ಷದ ಬೇಸಿಗೆಯಲ್ಲಿ ಶಿಕಾಗೋ ನಗರದೊಳಗಿನ ಕೊನೆಯ ಸಿಯರ್ಸ್ ಅಂಗಡಿ ಬಾಗಿಲು ಹಾಕಿತ್ತು. ಗೋಪುರ ತೊರೆದು ಹಾಫ್‌ಮನ್ ಎಸ್ಟೇಟ್ಸ್‌ನಲ್ಲಿ ಕಟ್ಟಿಕೊಂಡಿದ್ದ ಕಚೇರಿ ಆವರಣವನ್ನು 2023ರಲ್ಲಿ ಡೇಟಾ ಸೆಂಟರ್ ಕಟ್ಟುವ ಕಂಪನಿಯೊಂದು ಕೊಂಡು, ಕಟ್ಟಡಗಳನ್ನು ಕೆಡವಿಸಿತು.

ಫಜ್ಲುರ್ ಖಾನ್ 1982ರಲ್ಲಿ, ತಮ್ಮ 52ನೇ ವಯಸ್ಸಿನಲ್ಲಿ, ಸೌದಿ ಅರೇಬಿಯಾದ ಜೆಡ್ಡಾದಲ್ಲಿ ತೀರಿಕೊಂಡರು. ದೇಹವನ್ನು ಶಿಕಾಗೋಗೆ ತಂದು ಮಣ್ಣು ಮಾಡಿದರು. ಗೋಪುರದ ಬುಡದಲ್ಲಿ ಜಾಕ್ಸನ್ ಮತ್ತು ಫ್ರ್ಯಾಂಕ್ಲಿನ್ ರಸ್ತೆಗಳು ಸೇರುವ ಮೂಲೆಯಲ್ಲಿ ನಗರಾಡಳಿತ ಒಂದು ಬೀದಿ ಫಲಕ ನೆಟ್ಟಿದೆ: ಫಜ್ಲುರ್ ಆರ್. ಖಾನ್ ವೇ. ಅದಕ್ಕೆ ಬಾಡಿಗೆ ಕರಾರಿಲ್ಲ.