ಸಿಡಿಲಿಗೆ ರೌಟರ್ ಸುಟ್ಟರೆ ಫೈರ್‌ವಾಲ್ ಆಫ್ ಮಾಡಬೇಡಿ

ಏಪ್ರಿಲ್-ಮೇ ತಿಂಗಳ ಗುಡುಗು ಮಳೆಗೆ ಶಿರಸಿ, ಸಿದ್ದಾಪುರ ಕಡೆಯ ತೋಟದ ಮನೆಗಳಲ್ಲಿ ರೌಟರ್ ಸುಟ್ಟುಹೋಗುವುದು ಹೊಸತಲ್ಲ. ಬೇರೆ ರೌಟರ್ ಹಾಕಿದ ಮೇಲೆ ಇಂಟರ್ನೆಟ್ ಬರುತ್ತದೆ, ಆದರೆ ಒಳಕೋಣೆಯ ಲ್ಯಾಪ್‌ಟಾಪ್‌ನಿಂದ ಜಗಲಿಯ ಕಂಪ್ಯೂಟರ್‌ಗೆ ಜೋಡಿಸಿದ ಪ್ರಿಂಟರ್‌ಗೆ ಪ್ರಿಂಟ್ ಹೋಗುವುದಿಲ್ಲ. ಯಾರೋ ಫೈರ್‌ವಾಲ್, ಅಂದರೆ ಕರೆಯದೇ ಕಂಪ್ಯೂಟರ್‌ಗೆ ಬರುವ ಸಂಪರ್ಕವನ್ನು ತಡೆಯುವ ಕಾವಲು, ಆಫ್ ಮಾಡಲು ಹೇಳುತ್ತಾರೆ. ಪ್ರಿಂಟ್ ಬಂದ ಖುಷಿಯಲ್ಲಿ ಅದನ್ನು ಮತ್ತೆ ಆನ್ ಮಾಡುವುದು ಮರೆತೇ ಹೋಗುತ್ತದೆ.

ತೊಂದರೆ ಇರುವುದು ಫೈರ್‌ವಾಲ್‌ನಲ್ಲಲ್ಲ. ಹೊಸ ರೌಟರ್ ಎಂದರೆ ವಿಂಡೋಸ್‌ಗೆ ಗುರುತಿಲ್ಲದ ನೆಟ್‌ವರ್ಕ್. ಅದನ್ನು 'ಪಬ್ಲಿಕ್' ಎಂದು ಎಣಿಸಿ ಫೈಲ್, ಪ್ರಿಂಟರ್ ಹಂಚಿಕೆಯನ್ನು ಮುಚ್ಚಿರುತ್ತದೆ. ಪ್ರಿಂಟರ್ ಇರುವ ಕಂಪ್ಯೂಟರ್‌ನಲ್ಲಿ ಸೆಟ್ಟಿಂಗ್ಸ್, ನೆಟ್‌ವರ್ಕ್ ಅಂಡ್ ಇಂಟರ್ನೆಟ್, ವೈಫೈ, ಪ್ರಾಪರ್ಟೀಸ್‌ಗೆ ಹೋಗಿ 'ಪ್ರೈವೇಟ್' ಆರಿಸಿದರೆ ಸಾಕು. ಮನೆಯ ವೈಫೈಗೆ ಮಾತ್ರ ಹೀಗೆ ಮಾಡಿ. ಗೋಕರ್ಣದ ಹೋಂಸ್ಟೇಗೋ ಕಾರವಾರದ ಲಾಡ್ಜಿಗೋ ಲ್ಯಾಪ್‌ಟಾಪ್ ಒಯ್ದಾಗ ಅಲ್ಲಿಯ ವೈಫೈ 'ಪಬ್ಲಿಕ್' ಆಗಿಯೇ ಇರಲಿ.

ಹೊಸ ರೌಟರ್‌ನ ಅಡ್ಮಿನ್ ಪಾಸ್‌ವರ್ಡನ್ನು (ಅದರ ಸೆಟ್ಟಿಂಗ್ಸ್ ತೆರೆಯುವುದು) ಅದೇ ದಿನ ಬದಲಿಸಿ. ಗುಂಡಿ ಒತ್ತಿ ಅಥವಾ ಪಿನ್ ಹಾಕಿ ವೈಫೈಗೆ ಸೇರಿಸುವ ಡಬ್ಲ್ಯುಪಿಎಸ್, ಹೊರಗಿನಿಂದ ರೌಟರ್‌ನ ಸೆಟ್ಟಿಂಗ್ಸ್ ಬದಲಿಸಲು ಬಿಡುವ ರಿಮೋಟ್ ಮ್ಯಾನೇಜ್‌ಮೆಂಟ್ ಎರಡನ್ನೂ ಆಫ್ ಮಾಡಿ. ರೌಟರ್ ಇದೆಯಲ್ಲ, ಕಂಪ್ಯೂಟರ್‌ಗೆ ಬೇರೆ ಕಾವಲು ಯಾಕೆ ಎನ್ನುವವರು ಇಂಟರ್ನೆಟ್ ವಿಳಾಸಗಳ ಹೊಸ ಪದ್ಧತಿಯಾದ ಐಪಿವಿ6 ನೆನಪಿಡಬೇಕು. ಅದಿರುವ ಫೈಬರ್ ಸಂಪರ್ಕದಲ್ಲಿ ಪ್ರತಿ ಕಂಪ್ಯೂಟರ್‌ಗೂ ಹೊರಗಿನಿಂದ ನೇರವಾಗಿ ತಲುಪಬಹುದಾದ ವಿಳಾಸವೇ ಸಿಗುತ್ತದೆ. ರೌಟರ್‌ನ ಐಪಿವಿ6 ಫೈರ್‌ವಾಲ್ ಆಫ್ ಇದ್ದರೆ ಉಳಿಯುವ ತಡೆ ಕಂಪ್ಯೂಟರ್‌ನದು ಮಾತ್ರ.

ದುಡ್ಡು ಕೊಟ್ಟು ಫೈರ್‌ವಾಲ್ ಕೊಳ್ಳುವ ಅಗತ್ಯ ಮನೆಗೆ ಇಲ್ಲವೆಂದೇ ನನ್ನ ಅಭಿಪ್ರಾಯ. ವಿಂಡೋಸ್‌ನದ್ದೇ ಸಾಕು. ಅದು ಕರೆಯದೇ ಒಳಬರುವ ಸಂಪರ್ಕವನ್ನು ತಡೆಯುತ್ತದೆ, ಹೊರಹೋಗುವುದನ್ನು ಮಾತ್ರ ಬಿಟ್ಟುಬಿಡುತ್ತದೆ. ಯಾವ ಪ್ರೋಗ್ರಾಂ ಹೊರಗೆ ಮಾತಾಡುತ್ತಿದೆ ಎಂದು ತಿಳಿಯಬೇಕಾದರೆ ಉಚಿತವಾದ ವಿಂಡೋಸ್ ಫೈರ್‌ವಾಲ್ ಕಂಟ್ರೋಲ್ ಹಾಕಿಕೊಳ್ಳಿ. ಅದು ಇದೇ ಫೈರ್‌ವಾಲ್‌ನ ಮೇಲೆ ಕೆಲಸ ಮಾಡುತ್ತದೆ, ಇನ್ನೊಂದನ್ನು ತಂದು ಕೂರಿಸುವುದಿಲ್ಲ. ಅದು ಕೇಳಿದಾಗಲೆಲ್ಲ 'ಬ್ಲಾಕ್' ಒತ್ತಬೇಡಿ. ವಿಂಡೋಸ್‌ನ ಒಳಗಿನ ಸೇವೆಗಳನ್ನು ನಡೆಸುವ 'ಎಸ್‌ವಿಸಿಹೋಸ್ಟ್' ತಡೆದರೆ ವಿಂಡೋಸ್ ಅಪ್‌ಡೇಟೇ ನಿಂತುಹೋಗುತ್ತದೆ.

ನನಗೆ ಹೆಚ್ಚು ಚಿಂತೆ ದೂರದಿಂದಲೇ ಕಂಪ್ಯೂಟರ್ ನಡೆಸಲು ಬಿಡುವ ಎನಿಡೆಸ್ಕ್‌ನಂಥ ಆ್ಯಪ್‌ಗಳದ್ದು. ಬೆಂಗಳೂರಿನಲ್ಲಿರುವ ಮಗ ಅಪ್ಪನ ಕಂಪ್ಯೂಟರ್ ಸರಿಮಾಡಲು ಹಾಕಿಸಿ, ಪ್ರತಿ ಸಲ ಅನುಮತಿ ಕೇಳದಂತೆ ಕಾಯಂ ಪಾಸ್‌ವರ್ಡ್ ಇಟ್ಟಿರುತ್ತಾನೆ. ಆ ಸಂಪರ್ಕ ಒಳಗಿನಿಂದ ಹೊರಗೆ ಹೋಗುವಂಥದ್ದು, ಹಾಗಾಗಿ ಫೈರ್‌ವಾಲ್ ತಡೆಯುವುದಿಲ್ಲ. ಪಾಸ್‌ವರ್ಡ್ ಸಿಕ್ಕವರಿಗೆ ಇಡೀ ಕಂಪ್ಯೂಟರ್ ಸಿಕ್ಕಂತೆ. ಆ ಆ್ಯಪ್ ತೆಗೆದು, ಅದೇ ಕೆಲಸಕ್ಕೆ ವಿಂಡೋಸ್‌ನ ಕ್ವಿಕ್ ಅಸಿಸ್ಟ್ ಬಳಸಿ. ಅದಕ್ಕೆ ಪ್ರತಿ ಸಲ ಹೊಸ ಕೋಡ್ ಬೇಕು, ಅಪ್ಪ ಒಪ್ಪಿಗೆ ಒತ್ತಬೇಕು. ಬ್ಯಾಂಕಿನವರೆಂದು ಫೋನ್ ಮಾಡಿ ಇಂಥ ಆ್ಯಪ್ ಹಾಕಿಸಿದರೆ ತಕ್ಷಣ ವೈಫೈ ಆಫ್ ಮಾಡಿ ಬ್ಯಾಂಕಿಗೆ ತಿಳಿಸಿ. ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಖಾಸಗಿತನದ ವಿಷಯದಲ್ಲಿ ಫೈರ್‌ವಾಲ್‌ನಿಂದ ದೊಡ್ಡ ಉಪಯೋಗವಿಲ್ಲ. ಅದಕ್ಕೆ ಬ್ರೌಸರ್ ಒಂದು ಪ್ರೋಗ್ರಾಂ ಅಷ್ಟೇ, ಅಡಿಕೆ ಧಾರಣೆ ನೋಡುವುದೂ ಜಾಹೀರಾತಿನ ಜಾಡು ಹಿಡಿಯುವುದೂ ಅದರ ಕಣ್ಣಿಗೆ ಒಂದೇ. ಫೈರ್‌ಫಾಕ್ಸ್ ಬ್ರೌಸರ್‌ಗೆ ಈ ಜಾಡು ಹಿಡಿಯುವುದನ್ನು ತಡೆಯುವ ಯುಬ್ಲಾಕ್ ಒರಿಜಿನ್ ಎಂಬ ಎಕ್ಸ್‌ಟೆನ್ಶನ್ (ಬ್ರೌಸರ್‌ಗೆ ಸೇರಿಸುವ ಸಣ್ಣ ಪ್ರೋಗ್ರಾಂ) ಹಾಕಿ, ಬ್ಯಾಂಕ್ ಕೆಲಸಕ್ಕೆ ಯಾವ ಎಕ್ಸ್‌ಟೆನ್ಶನ್ನೂ ಇಲ್ಲದ ಬೇರೆ ಪ್ರೊಫೈಲ್ ಇಡಿ. ಡೌನ್‌ಲೋಡ್ಸ್ ಫೋಲ್ಡರ್‌ನಲ್ಲಿ ಬಿದ್ದಿರುವ ಆಧಾರ್, ಪಹಣಿ, ಪಾಸ್‌ಬುಕ್ ಪ್ರತಿಗಳನ್ನು ಪೆನ್‌ಡ್ರೈವ್‌ಗೆ ಹಾಕಿ ಕಪಾಟಿನಲ್ಲಿಡಿ, ಕಂಪ್ಯೂಟರ್‌ನಿಂದ ಅಳಿಸಿ, ರೀಸೈಕಲ್ ಬಿನ್ ಕೂಡ ಖಾಲಿ ಮಾಡಿ.